ಹಾಲು ಸಾಲದೆಂಬ ಮಾತು

ಬಾಣಂತಿಯ ಕೋಣೆಯಲ್ಲಿ ಕೇಳಿಬರುವ ಮಾತುಗಳಲ್ಲಿ ಅತ್ಯಂತ ಮೆಲುದನಿಯದೂ ಅತ್ಯಂತ ಹಾನಿಕರವಾದುದೂ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, "ಪಾಪ, ಹಾಲು ಸಾಲದೇನೋ" ಎಂಬ ಆ ಪುಟ್ಟ ಉದ್ಗಾರವೇ ಎಂದು ನಿಸ್ಸಂಶಯವಾಗಿ ಹೇಳುತ್ತೇನೆ. ಅದನ್ನು ಆಡುವವರು ಹಗೆಗಳಲ್ಲ. ಹೆತ್ತ ತಾಯಿ, ಅತ್ತೆ, ಸೋದರತ್ತೆ, ಕೂಸನ್ನು ನೋಡಲು ಬಂದ ನೆರೆಮನೆಯ ಹಿರಿಯಳು, ಇವರೇ. ಕೂಸು ಅತ್ತಿತು, ಕುಡಿದು ಒಂದು ಗಂಟೆಯಾಗುವುದರೊಳಗೆ ಮತ್ತೆ ಬಾಯಿ ತೆರೆಯಿತು, ರಾತ್ರಿ ಮೂರು ಸಲ ಮನೆಯನ್ನೆಲ್ಲ ಎಬ್ಬಿಸಿತು, ಇಷ್ಟರಿಂದಲೇ ತಾಯಿಯ ಎದೆ ಬತ್ತಿದೆಯೆಂಬ ನಿರ್ಣಯಕ್ಕೆ ನಾವು ಬಂದುಬಿಡುತ್ತೇವೆ. ಆದರೆ ಈ ಮೂರೂ ಆರೋಗ್ಯವಂತವಾದ ನವಜಾತ ಶಿಶುವಿನ ಸಹಜ ಲಕ್ಷಣಗಳು ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಆ ಮಾತನ್ನು ನಾನೇ ಆಡಿದ್ದೇನೆ. ಆದುದರಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಚೊಚ್ಚಲ ಹೆರಿಗೆಗೆಂದು ಮಲೆನಾಡಿನ ನಮ್ಮ ಮನೆಗೆ ಬಂದಾಗ ಆಷಾಢದ ಮಳೆ ಹಗಲಿರುಳೆನ್ನದೆ ಸುರಿಯುತ್ತಿತ್ತು. ಹುಟ್ಟಿದಾಗ 2 ಕಿಲೋ 900 ಗ್ರಾಂ ತೂಗಿದ ಕೂಸು ಮೂರನೆಯ ದಿನ 2 ಕಿಲೋ 700 ಗ್ರಾಮಿಗೆ ಇಳಿದಿತ್ತು. ಐದನೆಯ ರಾತ್ರಿ ಸಂಜೆಯಿಂದ ಆರಂಭಿಸಿ ಹನ್ನೊಂದು ಗಂಟೆಯವರೆಗೆ ಅದು ಎದೆ ಬಿಡಲಿಲ್ಲ. ಬಿಡಿಸಿ ತೊಟ್ಟಿಲಲ್ಲಿ ಮಲಗಿಸಿದರೆ ಅಳು, ಎತ್ತಿಕೊಂಡರೆ ಮತ್ತೆ ಎದೆಯನ್ನು ಹುಡುಕುವ ಬಾಯಿ. ಬಿಸಿನೀರಿನ ಲೋಟ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದ ನಾನು, ದಣಿವಿನಿಂದಲೋ ಮೊಮ್ಮಗುವಿನ ಮೇಲಿನ ಮರುಕದಿಂದಲೋ, ಆ ಮಾತನ್ನು ಆಡಿಬಿಟ್ಟೆ. ಮಗಳು ಏನೂ ಹೇಳಲಿಲ್ಲ; ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಮರುದಿನ ಸಂಜೆಯ ಬಸ್ಸಿಗೆ ಪೇಟೆಯಿಂದ ಹಾಲಿನ ಪುಡಿಯ ಡಬ್ಬಿ ಬಂತು.

ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ, ಏಳನೆಯ ದಿನ, ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗಳಿಗೆ 3, 7, 14, 21, 28 ಮತ್ತು 42ನೆಯ ದಿನ ಹೋಗಿ ತಾಯಿ ಮಗುವನ್ನು ನೋಡಿಬರುವುದು ಅವಳ ಕರ್ತವ್ಯ. ಚೀಲದಿಂದ ತೂಕದ ಸಾಧನವನ್ನು ತೆಗೆದು, ಅದರ ಕೊಕ್ಕೆಗೆ ಜೋಲಿಯನ್ನು ಸಿಕ್ಕಿಸಿ, ಕೂಸನ್ನು ಅದರಲ್ಲಿಟ್ಟು ಎತ್ತುವ ಮುನ್ನ ಅವಳು ಬಚ್ಚಲ ಕಡೆಗೊಮ್ಮೆ ನೋಡಿದಳು. ಮಳೆಗಾಲವಾದ್ದರಿಂದ ಕೂಸಿನ ಬಟ್ಟೆಗಳನ್ನೆಲ್ಲ, ಹಳೆಯ ಪಂಚೆ ಸೀರೆಗಳಿಂದ ಹರಿದು ಮಾಡಿದ ಆ ತುಂಡುಗಳನ್ನು, ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರ ಗಳದಲ್ಲಿ ಸಾಲಾಗಿ ಹರವಿದ್ದೆವು. "ಅಮ್ಮಾ, ನಿನ್ನೆ ಬೆಳಿಗ್ಗೆಯಿಂದ ಒದ್ದೆಯಾದದ್ದು ಇವಿಷ್ಟೆಯೋ?" ಎಂದು ಕೇಳಿದಳು. ನೆನೆಹಾಕಿದವು ಬೇರೆ ಎರಡು ಇವೆ ಎಂದೆ. ಅವಳು ಬೆರಳು ಮಡಿಸಿ ಎಣಿಸಿದಳು, ಒಂಬತ್ತಾಯಿತು. "ಆರಾದರೆ ಸಾಕಿತ್ತು ಅಮ್ಮಾ. ಒಳಗೆ ಹೋಗದೆ ಹೊರಗೆ ಬರುವುದು ಹೇಗೆ?" ಎಂದು ಹೇಳಿ, ತೂಕವನ್ನು ಓದಿ, ಮಗಳ ಕಡೆಗೆ ತಿರುಗಿ, "2 ಕಿಲೋ 780 ಅಕ್ಕ, ಇಳಿದದ್ದು ಏರುತ್ತಿದೆ, ನಿಮ್ಮ ಹಾಲಿಗೇನೂ ಆಗಿಲ್ಲ" ಎಂದಳು. ಮಗಳ ಕಣ್ಣು ತುಂಬಿದ್ದನ್ನು ನಾನು ಆಗ ನೋಡಿದೆ.

ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ನೂರಕ್ಕೆ ಏಳರಷ್ಟು, ಕೆಲವೊಮ್ಮೆ ಹತ್ತರವರೆಗೂ ಇಳಿಯುವುದು ಪ್ರಕೃತಿಧರ್ಮ. ಗರ್ಭದಲ್ಲಿ ತುಂಬಿಕೊಂಡಿದ್ದ ನೀರಿನಂಶ ಹೊರಹೋಗುವುದೂ ಕಪ್ಪು ಹಸುರಿನ ಮೊದಲ ಮಲ ವಿಸರ್ಜನೆಯಾಗುವುದೂ ಅದಕ್ಕೆ ಕಾರಣ. ಹತ್ತರಿಂದ ಹದಿನಾಲ್ಕು ದಿನಗಳೊಳಗಾಗಿ ಜನ್ಮತೂಕವು ಮರಳುತ್ತದೆ. ಆಮೇಲೆ ದಿನವೊಂದಕ್ಕೆ 20ರಿಂದ 30 ಗ್ರಾಮಿನಂತೆ ಏರತೊಡಗುತ್ತದೆ. ಎದೆಯೊಳಗೆ ಎಷ್ಟು ಹಾಲಿದೆಯೆಂದು ನೋಡುವ ಕಣ್ಣು ಯಾರಿಗೂ ಇಲ್ಲ. ಒದ್ದೆ ಬಟ್ಟೆಯ ಎಣಿಕೆ ಮತ್ತು ತಕ್ಕಡಿ, ಇವೆರಡೇ ನಂಬತಕ್ಕ ಸಾಕ್ಷಿಗಳು. ಎದೆ ಮೆತ್ತಗಾಯಿತೆಂಬುದೂ, ಹಿಂಡಿದರೆ ಬರಲಿಲ್ಲವೆಂಬುದೂ, ಕೂಸು ಮುಷ್ಟಿಯನ್ನು ಚೀಪಿತೆಂಬುದೂ ಸಾಕ್ಷಿಗಳಲ್ಲ.

ಇನ್ನು, ಕೂಸು ಅಷ್ಟು ಸಲ ಏಕೆ ಕುಡಿಯಬೇಕು? ಮೊಲವು ತನ್ನ ಮರಿಗಳಿಗೆ ದಿನಕ್ಕೆ ಒಂದೇ ಸಲ, ಅದೂ ಕೆಲವೇ ನಿಮಿಷಗಳ ಕಾಲ, ಹಾಲೂಡಿಸಿ ಹೊರಟುಹೋಗುತ್ತದೆ. ಅದರ ಹಾಲಿನ ಗಟ್ಟಿತನವೇ ಅಂಥದು. ಮನುಷ್ಯಸ್ತ್ರೀಯ ಸ್ತನ್ಯವಾದರೋ ತೆಳು. ಅದರಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು, ಪ್ರೋಟೀನು ಕೇವಲ 1 ಭಾಗ. ಹಸುವಿನ ಹಾಲಿನಲ್ಲಿ ಪ್ರೋಟೀನು ಮೂರು ಭಾಗಕ್ಕೂ ಮಿಗಿಲಾಗಿರುತ್ತದೆ. ಮರಿಯನ್ನು ಗೂಡಿನಲ್ಲಿ ಬಿಟ್ಟುಹೋಗುವ ಪ್ರಾಣಿಗೆ ಒಂದು ಬಗೆಯ ಹಾಲು, ಮರಿಯನ್ನು ಮೈಗಂಟಿಸಿಕೊಂಡೇ ಇರಬೇಕಾದ ಪ್ರಾಣಿಗೆ ಇನ್ನೊಂದು ಬಗೆಯದು. ಎಳೆಗೂಸಿನ ಹೊಟ್ಟೆಯಲ್ಲಿ ತಾಯಿಯ ಹಾಲು ಬೇಗನೆ ಅರಗಿಹೋಗುವುದರಿಂದ ಅಹೋರಾತ್ರಿಯಲ್ಲಿ ಎಂಟರಿಂದ ಹನ್ನೆರಡು ಸಲ ಅದು ಎದೆಗೆ ಬರುತ್ತದೆ. ಸಂಜೆಯ ಹೊತ್ತು ಸಾಲುಸಾಲಾಗಿ, ನಡುವೆ ಬಿಡುವೇ ಇಲ್ಲದಂತೆ ಕುಡಿಯುವುದೂ ಉಂಟು. ಕುಡಿದಷ್ಟೂ ಊರುವುದು ಹಾಲಿನ ಧರ್ಮವಾದುದರಿಂದ, ಕೂಸು ಪದೇ ಪದೇ ಬರುವುದೆಂದರೆ ನಾಳೆಯ ಹಾಲನ್ನು ಇಂದೇ ಕೇಳಿಡುತ್ತಿದೆಯೆಂದು ಅರ್ಥ. ರಾತ್ರಿಯ ಹೊತ್ತು ಹಾಲನ್ನು ಉತ್ಪತ್ತಿಮಾಡುವ ಪ್ರೊಲ್ಯಾಕ್ಟಿನ್ ಎಂಬ ಅಂತಃಸ್ರಾವವು ತಾಯಿಯ ರಕ್ತದಲ್ಲಿ ಹೆಚ್ಚಾಗಿರುತ್ತದೆ. ಅಂತಹ ರಾತ್ರಿಯಲ್ಲಿ ತಾಯಿಗೆ ವಿಶ್ರಾಂತಿ ಕೊಡುವ ಸದುದ್ದೇಶದಿಂದ ನಾವು ಬಾಟ್ಲಿ ಹಿಡಿದರೆ, ಎದೆಗೆ ಬರಬೇಕಾಗಿದ್ದ ಕರೆ ತಪ್ಪುತ್ತದೆ; ಮರುದಿನ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ; ನೋಡಿ, ನಾವು ಹೇಳಿದ್ದೇ ಸರಿಯಾಯಿತು ಎನ್ನುತ್ತೇವೆ.

ಮೊದಲ ಎರಡು ಮೂರು ದಿನಗಳ ಹಾಲಿನ ವಿಷಯದಲ್ಲಿ ನಮ್ಮ ತಿಳುವಳಿಕೆಯ ತೊಡಕು ಇನ್ನೂ ಹಳೆಯದು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಹೆತ್ತವಳಿಗೆ ಮೂರು ನಾಲ್ಕು ರಾತ್ರಿಗಳ ತರುವಾಯ ಸ್ತನ್ಯವು ಪ್ರವರ್ತಿಸುವುದೆಂದು ಹೇಳಿ, ಅಲ್ಲಿಯವರೆಗೆ ಶಿಶುವಿಗೆ ಜೇನು ತುಪ್ಪಗಳನ್ನು ವಿಧಿಸಿದೆ. ಎದೆ ತುಂಬಿಕೊಳ್ಳುವುದು ಆ ದಿನಗಳಲ್ಲೇ ಎಂಬ ಪ್ರಾಚೀನರ ಅವಲೋಕನ ಸರಿಯಾದುದೇ. ಆದರೆ ಅದಕ್ಕಿಂತ ಮುಂಚೆ ಎದೆಯಲ್ಲಿ ಏನೂ ಇಲ್ಲವೆಂಬ ತಾತ್ಪರ್ಯ ಮಾತ್ರ ಸರಿಯಲ್ಲ. ಹಳದಿ ಛಾಯೆಯ, ಅಂಟಂಟಾದ, ಒಂದು ಸಲಕ್ಕೆ ಚಿಕ್ಕ ಚಮಚೆಯೊಂದೆರಡಕ್ಕೆ ಮೀರದ ಆ ಮೊದಲ ಹಾಲು ರೋಗನಿರೋಧಕ ದ್ರವ್ಯಗಳಿಂದ ತುಂಬಿದುದು. ಪುಟ್ಟ ಹೊಟ್ಟೆಗೆ ಅಷ್ಟೇ ಪ್ರಮಾಣ ಸಾಕು. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದಾಗ ಗಿಣ್ಣುಹಾಲನ್ನು ಕರುವಿಗೆ ಕುಡಿಸದಿದ್ದರೆ ಅದು ಬಾಳದೆಂದು ಬಲ್ಲ ಮನೆಯವರೇ, ಒಳಕೋಣೆಯಲ್ಲಿ ಮಗಳ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದುದನ್ನು ನನ್ನ ಬಾಲ್ಯದಲ್ಲಿ ಕಂಡಿದ್ದೇನೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು, ಆರು ತಿಂಗಳು ತಾಯಿಯ ಹಾಲಲ್ಲದೆ ಗುಟುಕು ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ಜೇನಿನ ವಿಷಯವನ್ನಂತೂ ಒತ್ತಿಹೇಳಬೇಕು: ಒಂದು ವರ್ಷ ತುಂಬುವವರೆಗೆ ಕೂಸಿನ ನಾಲಿಗೆಗೆ ಜೇನು ತಾಕಿಸಲೇಬಾರದು. ಅದರಲ್ಲಿ ಅಡಗಿರಬಹುದಾದ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡಿ, ಸ್ನಾಯುಗಳನ್ನು ನಿಶ್ಚೇಷ್ಟಿತಗೊಳಿಸಬಲ್ಲವು.

ಹಸುವಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳುತ್ತೇನೆ. ಕರುವನ್ನು ಬಿಟ್ಟಾಗ ತೊರೆಬಿಡುವ ಹಸು, ಕೊಟ್ಟಿಗೆಗೆ ಹೊಸಬರು ನುಗ್ಗಿದರೆ, ನಾಯಿ ಬೊಗಳಿದರೆ, ಬೈದು ಹೊಡೆದರೆ, ಹಾಲನ್ನು ತಡೆದುಕೊಳ್ಳುತ್ತದೆ. ಕರೆಯುವ ಹೆಂಗಸರಿಗೆಲ್ಲ ಇದು ಗೊತ್ತು. ಕೆಚ್ಚಲಲ್ಲಿ ಹಾಲಿಲ್ಲವೆಂದಲ್ಲ, ಇಳಿಯುತ್ತಿಲ್ಲ, ಅಷ್ಟೆ. ಮನುಷ್ಯರಲ್ಲಿಯೂ ಹೀಗೆಯೇ ಎಂಬುದನ್ನು ಅಮೆರಿಕದ ನೈಲ್ಸ್ ನ್ಯೂಟನ್ ಎಂಬ ವಿದುಷಿ, ವೈದ್ಯರಾದ ತಮ್ಮ ಪತಿ ಮೈಕೇಲ್ ನ್ಯೂಟನ್ನರೊಡನೆ, 1948ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತೋರಿಸಿಕೊಟ್ಟರು. ಪ್ರಯೋಗಕ್ಕೆ ಒಳಗಾದವರು ಅವರೇ, ಕೂಸೂ ಅವರದೇ. ಹಾಲೂಡುವ ಮುಂಚೆ ಮತ್ತು ಅನಂತರ ಕೂಸನ್ನು ತೂಗಿ ಎಷ್ಟು ಕುಡಿಯಿತೆಂದು ಲೆಕ್ಕಹಾಕುತ್ತಿದ್ದರು. ಕೆಲವು ದಿನ ನೆಮ್ಮದಿಯಾಗಿ, ಕೆಲವು ದಿನ ಕಾಲನ್ನು ಮಂಜಿನ ನೀರಿನಲ್ಲಿ ಅದ್ದಿಕೊಂಡೋ, ಕಠಿಣವಾದ ಮನೋಗಣಿತಕ್ಕೆ ಉತ್ತರ ಹೇಳಬೇಕಾದ ಒತ್ತಡದಲ್ಲಿಯೋ ಹಾಲೂಡಿಸಿದರು. ಕ್ಲೇಶದ ದಿನಗಳಲ್ಲಿ ಕೂಸಿಗೆ ದೊರೆತ ಹಾಲು ಬಹಳ ಇಳಿಯಿತು. ಅಂಥ ದಿನಗಳಲ್ಲಿಯೇ ಹಾಲಿಳಿಸುವ ಅಂತಃಸ್ರಾವದ ಚುಚ್ಚುಮದ್ದು ಕೊಟ್ಟಾಗ ಬಹುಮಟ್ಟಿಗೆ ಮರಳಿತು. ಹಾಲಿತ್ತು, ಮನಸ್ಸಿನ ತಳಮಳ ಅದನ್ನು ಕಟ್ಟಿಹಾಕಿತ್ತು. "ಹಾಲು ಸಾಲದು" ಎಂಬ ಮಾತು ಬಾಣಂತಿಯ ಕಿವಿಗೆ ಬಿದ್ದಾಗ ಅವಳ ಒಳಗೆ ಏನಾಗುವುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ನನಗೆ ಸಾಧ್ಯವಿಲ್ಲ. ಹಸುವಿನ ಮುಂದೆ ದನಿ ತಗ್ಗಿಸುವ ನಾವು ಮಗಳ ಮುಂದೆಯೂ ತಗ್ಗಿಸಬೇಡವೇ?

ಹಾಲೂಡುವುದಕ್ಕೆ ಹೊತ್ತು ಗೊತ್ತುಮಾಡುವ ಗಡಿಯಾರವು ತೊಟ್ಟಿಲ ಬಳಿಗೆ ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯರು 1907ರಲ್ಲಿ ಶಿಶುರಕ್ಷಣೆಯ ಸಂಘವೊಂದನ್ನು ಸ್ಥಾಪಿಸಿ, ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ರಾತ್ರಿ ಹಾಲೇ ಕೂಡದು ಎಂಬ ಶಿಸ್ತನ್ನು ಬೋಧಿಸಿದರು. ಶುಚಿತ್ವದ ವಿಷಯದಲ್ಲಿ ಅವರಿಂದಾದ ಉಪಕಾರ ದೊಡ್ಡದು. ಗಡಿಯಾರದ ವಿಷಯದಲ್ಲಿ ಅವರು ತಪ್ಪಿದರು. ನನ್ನ ಮೊದಲ ಹೆರಿಗೆಯಾದ ಆಸ್ಪತ್ರೆಯಲ್ಲಿಯೂ ಕೂಸುಗಳನ್ನೆಲ್ಲ ಬೇರೆ ಕೋಣೆಯಲ್ಲಿ ಸಾಲಾಗಿ ಮಲಗಿಸಿ ಹೊತ್ತಿಗೆ ಸರಿಯಾಗಿ ತಂದುಕೊಡುತ್ತಿದ್ದರು. ಗೋಡೆಯಾಚೆಯ ಅಳುಗಳಲ್ಲಿ ನನ್ನ ಕೂಸಿನದು ಯಾವುದೆಂದು ಕಿವಿಗೊಟ್ಟು ಕುಳಿತಿರುತ್ತಿದ್ದುದು ಇಂದಿಗೂ ನೆನಪಿದೆ. ಹೊತ್ತಿಗೆ ಸರಿಯಾಗಿ ಬಂದಾಗ ಅದು ಅತ್ತು ಸೋತು ನಿದ್ದೆಹೋಗಿರುತ್ತಿತ್ತು.

ಕೂಸಿನ ನಿದ್ರೆಯೂ ಗಡಿಯಾರಕ್ಕೆ ಒಗ್ಗುವಂತಹುದಲ್ಲ. ನವಜಾತ ಶಿಶುವು ದಿನಕ್ಕೆ ಹದಿನಾರು ಹದಿನೇಳು ಗಂಟೆ ನಿದ್ರಿಸುವುದೆಂಬುದು ನಿಜ. ಆದರೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಗಂಟೆಗಳ ತುಂಡುಗಳಾಗಿ. ಹಗಲಿರುಳಿನ ವ್ಯತ್ಯಾಸ ಅದರ ದೇಹಕ್ಕೆ ತಿಳಿಯತೊಡಗುವುದು ಸುಮಾರು ಎರಡು ಮೂರು ತಿಂಗಳ ಹೊತ್ತಿಗೆ. ಅದರ ನಿದ್ರೆಯಲ್ಲಿ ಅರ್ಧದಷ್ಟು ಚಂಚಲವಾದ ನಿದ್ರೆ. ರೆಪ್ಪೆಯಡಿಯಲ್ಲಿ ಕಣ್ಣು ಹೊರಳುತ್ತದೆ, ತುಟಿಯಂಚಿನಲ್ಲಿ ನಗು ಮೂಡಿ ಮಾಯವಾಗುತ್ತದೆ, ಮುಲುಕುತ್ತದೆ, ಉಸಿರು ಒಮ್ಮೆ ವೇಗವಾಗಿ, ಒಮ್ಮೆ ಐದಾರು ಕ್ಷಣ ನಿಂತಂತಾಗಿ ಮತ್ತೆ ಸಾಗುತ್ತದೆ. ಇವೆಲ್ಲ ಸಹಜ. ಸದ್ದಿಗೆ ಎರಡೂ ಕೈಚಾಚಿ ಬೆಚ್ಚಿಬೀಳುವುದೂ ಸಹಜವೇ. ಅದಕ್ಕೆ ತಾಯಿತ ಬೇಕಿಲ್ಲ. ಬೆನ್ನ ಮೇಲೆ ಅಂಗಾತ ಮಲಗಿಸುವುದೊಂದೇ ಇಲ್ಲಿ ಪಾಲಿಸಬೇಕಾದ ಕಟ್ಟುನಿಟ್ಟಾದ ನಿಯಮ. ಪಶ್ಚಿಮದಲ್ಲಿ ಕೆಲವು ದಶಕಗಳ ಕಾಲ ಬೋರಲಾಗಿ ಮಲಗಿಸುವ ಪದ್ಧತಿ ಬಂದು, ನಿದ್ರೆಯಲ್ಲಿಯೇ ಅಕಸ್ಮಾತ್ತಾಗಿ ಸಾಯುವ ಶಿಶುಗಳು ಹೆಚ್ಚಿದ್ದವು. ಬ್ರಿಟನ್ನಿನಲ್ಲಿ 1991ರಿಂದ, ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿರೆಂದು ಪ್ರಚಾರ ಮಾಡಿದ ಮೇಲೆ ಆ ಸಾವುಗಳು ಅರ್ಧಕ್ಕೂ ಕೆಳಗಿಳಿದವು. ನಮ್ಮ ತೊಟ್ಟಿಲಲ್ಲಿ ಕೂಸು ಮೊದಲಿನಿಂದಲೂ ಅಂಗಾತವೇ ಮಲಗಿದೆ. ತಲೆ ದುಂಡಗಾಗಲೆಂದು ಇಡುವ ರಾಗಿಯ ದಿಂಬು ಸಾಸಿವೆಯ ದಿಂಬುಗಳನ್ನು ಮಾತ್ರ ತೆಗೆದಿಡುವುದು ಒಳ್ಳೆಯದು.

ಅಳುವಿನ ವಿಚಾರದಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ಲೆಕ್ಕವೊಂದಿದೆ. ಬೆರಿ ಬ್ರೇಜಲ್ಟನ್ ಎಂಬ ಅಮೆರಿಕದ ಶಿಶುವೈದ್ಯರು ಆರೋಗ್ಯವಂತವಾದ 80 ಕೂಸುಗಳ ತಾಯಂದಿರಿಂದ ದಿನಚರಿ ಬರೆಯಿಸಿ 1962ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಎರಡು ವಾರದ ಕೂಸು ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳುತ್ತಿತ್ತು. ಅದು ಏರುತ್ತ ಹೋಗಿ ಆರನೆಯ ವಾರಕ್ಕೆ ಎರಡೂಮುಕ್ಕಾಲು ಗಂಟೆಯಾಗಿ, ಅಲ್ಲಿಂದ ಇಳಿಮುಖವಾಯಿತು. ಹೆಚ್ಚಿನ ಅಳು ಸಂಜೆಯ ಹೊತ್ತಿನದು. ಇವು ರೋಗಿಷ್ಠ ಕೂಸುಗಳಲ್ಲ, ಹಸಿದ ಕೂಸುಗಳಲ್ಲ ಎಂಬುದನ್ನು ನೆನಪಿಡಬೇಕು. ಒಂದೂವರೆ ತಿಂಗಳಿಗೆ ಅಳು ಶಿಖರಕ್ಕೇರುವುದೆಂದು ಮೊದಲೇ ತಿಳಿದಿದ್ದರೆ, ಆ ವಾರದಲ್ಲಿ ಹಾಲು ಬದಲಿಸುವುದು, ಗ್ರೈಪ್ ವಾಟರ್ ಹಾಕುವುದು, ದೃಷ್ಟಿ ತೆಗೆಯುವುದು, ಎಲ್ಲವೂ ಆದ ಮೇಲೆ ತಾಯಿ ತಿಂದ ಆಹಾರವನ್ನು ದೂರುವುದು, ಇವೆಲ್ಲ ತಪ್ಪುತ್ತವೆ. ಎದೆಗವಚಿಕೊಂಡು ಅಂಗಳದಲ್ಲಿ ನಡೆದಾಡುವುದೇ ಆಗ ಬೇಕಾದದ್ದು; ಅದನ್ನು ತಾಯಿಯೇ ಮಾಡಬೇಕೆಂದಿಲ್ಲ, ತಂದೆ ಮಾಡಬಹುದು, ಅಜ್ಜ ಮಾಡಬಹುದು.

ಮಿಕ್ಕ ಸಣ್ಣಪುಟ್ಟ ಸಂಗತಿಗಳನ್ನು ಬೇಗನೆ ಹೇಳಿಬಿಡುತ್ತೇನೆ. ಬಿಕ್ಕಳಿಕೆ, ಸೀನು, ಕುಡಿದ ಹಾಲನ್ನು ಸ್ವಲ್ಪ ಕಕ್ಕುವುದು, ಸಿಪ್ಪೆಯೇಳುವ ಚರ್ಮ, ಮೈಮೇಲೆ ಎದ್ದು ಅಡಗುವ ಕೆಂಪು ಗುಳ್ಳೆ, ಕುಡಿದಾಗಲೆಲ್ಲ ಹಳದಿಯಾಗಿ ಹೊರಕ್ಕೆ ಹೋಗುವುದು, ಯಾವುದಕ್ಕೂ ಮದ್ದು ಬೇಡ. ಗಂಡಾಗಲಿ ಹೆಣ್ಣಾಗಲಿ ಕೂಸಿನ ಎದೆ ಉಬ್ಬಿ ಒಂದು ಹನಿ ಹಾಲು ಕಾಣಿಸುವುದೂ, ಹೆಣ್ಣುಕೂಸಿಗೆ ಮೊದಲ ವಾರದಲ್ಲಿ ಒಂದೆರಡು ಹನಿ ರಕ್ತ ಕಾಣಿಸುವುದೂ ತಾಯಿಯ ದೇಹದಿಂದ ಬಂದ ಅಂತಃಸ್ರಾವಗಳ ಪ್ರಭಾವ, ತಾನಾಗಿ ಶಮನವಾಗುತ್ತದೆ. ಉಬ್ಬಿದ ಆ ಎದೆಯನ್ನು ಹಿಂಡುವ ಪದ್ಧತಿಯಿಂದ ಕೀವಾಗಿ ಕೂಸುಗಳು ನರಳಿರುವುದುಂಟು. ಹೊಕ್ಕುಳ ಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ ಯಾವುದೂ ಬೇಡ. ಒಣಗಿರುವಂತೆ ನೋಡಿಕೊಂಡರೆ ವಾರ, ಎರಡು ವಾರದಲ್ಲಿ ತಾನೇ ಉದುರುತ್ತದೆ. ಮೊದಲ ದಿನ ಸ್ನಾನ ಬೇಡ, ತಾಯಿಯ ಮೈಯ ಬಿಸುಪು ಸಾಕು. ಕಣ್ಣಿಗೆ ಕಾಡಿಗೆ, ಮೂಗು ಕಿವಿಗಳಿಗೆ ಎಣ್ಣೆ, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿಯ ದಟ್ಟ ಹೊಗೆ, ಬಜೆ ತೇದು ನೆಕ್ಕಿಸುವುದು, ಇವನ್ನು ಬಿಡುವುದರಿಂದ ನಮ್ಮ ಪರಂಪರೆಗೆ ಕುಂದಾಗುವುದಿಲ್ಲ. ಏಕೆಂದರೆ ಬಾಣಂತನದ ಸತ್ವವಿರುವುದು ಅವುಗಳಲ್ಲಿ ಅಲ್ಲ. ಹೆತ್ತವಳನ್ನು ತಿಂಗಳುಗಟ್ಟಲೆ ಒಲೆಯ ಕೆಲಸದಿಂದ ಬಿಡಿಸಿ, ಹೊತ್ತಿಗೆ ಬಿಸಿಯನ್ನ ಬಡಿಸಿ, ಕಾಲು ನೀಡಿ ಕೂಸನ್ನು ಅದರ ಮೇಲೆ ಮಲಗಿಸಿಕೊಂಡು ಎಣ್ಣೆ ಸವರಿ ನೀರೆರೆಯುವ ಹಿರಿಯ ಕೈಗಳಲ್ಲಿದೆ. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಹಣ್ಣು ಕೂಡದು ಎಂಬ ಕಟ್ಟುಗಳೂ ಆ ಸತ್ವಕ್ಕೆ ವಿರುದ್ಧವಾದವುಗಳೇ.

ಸಹಜವಾದುದನ್ನು ತಿಳಿದುಕೊಂಡರೆ ಮಾತ್ರ ಅಸಹಜವಾದುದು ಕಣ್ಣಿಗೆ ಬೀಳುತ್ತದೆ. ನಮ್ಮನ್ನು ಹೆದರಿಸುವುದು ಅಳುವ ಕೂಸು. ಹೆದರಬೇಕಾದದ್ದಾದರೋ ಅಳದ ಕೂಸಿಗೆ. ಕುಡಿಯುವುದನ್ನು ನಿಲ್ಲಿಸಿದ, ಎಬ್ಬಿಸಿದರೂ ಏಳದ, ಮುಟ್ಟಿದರೆ ತಣ್ಣಗಿರುವ ಕೂಸನ್ನು "ಪಾಪ, ಎಷ್ಟು ಒಳ್ಳೆಯದು, ಸುಮ್ಮನೆ ಮಲಗಿದೆ" ಎಂದು ಬಿಟ್ಟು ಕಳೆದುಕೊಂಡ ಮನೆಗಳಿವೆ. ಶಾಂತವಾಗಿ ಮಲಗಿರುವಾಗ ನಿಮಿಷಕ್ಕೆ ಅರವತ್ತು ಅಥವಾ ಅದಕ್ಕೂ ಹೆಚ್ಚು ಉಸಿರು, ಉಸಿರಾಡುವಾಗ ಪಕ್ಕೆಯ ಕೆಳಗೆ ಒಳಕ್ಕೆ ಸೆಳೆಯುವುದು, ಸೆಳವು, ಜ್ವರ, ಹಸುರು ವಾಂತಿ, ಹೊಕ್ಕುಳ ಸುತ್ತಲಿನ ಚರ್ಮ ಕೆಂಪಾಗುವುದು, ಇವು ಕಂಡರೆ ಒಂದು ಗಳಿಗೆಯೂ ಕಾಯಬಾರದು. ಎರಡು ಮೂರನೆಯ ದಿನ ಮುಖ ಹಳದಿಯಾಗುವುದು ಸಾಮಾನ್ಯ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೇ ಹಳದಿಯಾದರೆ, ಅಥವಾ ಹಳದಿ ಅಂಗೈ ಅಂಗಾಲುಗಳಿಗೆ ಇಳಿದರೆ, ಎಳೆಬಿಸಿಲಿಗೆ ಹಿಡಿಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಹಾರಾಷ್ಟ್ರದ ಗಡಚಿರೋಲಿಯ ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿಗಳು ಹಳ್ಳಿಯ ಹೆಂಗಸರಿಗೆ ಈ ಚಿಹ್ನೆಗಳನ್ನು ಗುರುತಿಸಿ ಮನೆಯಲ್ಲಿಯೇ ಉಪಚರಿಸುವುದನ್ನು ಕಲಿಸಿ, ನವಜಾತ ಶಿಶುಗಳ ಮರಣವನ್ನು ನೂರಕ್ಕೆ 62ರಷ್ಟು ತಗ್ಗಿಸಿದುದನ್ನು 1999ರಲ್ಲಿ ಲೋಕದ ಮುಂದಿಟ್ಟರು. ನಮ್ಮ ಮನೆಗೆ ಬಂದ ಆಶಾ ಕಾರ್ಯಕರ್ತೆಯ ಚೀಲದ ಹಿಂದೆ ಆ ಕೆಲಸವಿದೆ.

ನಿಜವಾಗಿಯೂ ಹಾಲು ಸಾಲದ ತಾಯಂದಿರು ಇಲ್ಲವೇ? ಇದ್ದಾರೆ, ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋದವರು, ಎದೆಯ ಶಸ್ತ್ರಚಿಕಿತ್ಸೆಯಾದವರು, ಹುಟ್ಟಿನಿಂದಲೇ ಹಾಲಿನ ಗ್ರಂಥಿಗಳು ಪೂರ್ಣವಾಗಿ ಬೆಳೆಯದವರು. ಅಂತಹವರ ಕೂಸಿಗೆ ವೈದ್ಯರ ಸಲಹೆಯಂತೆ ಬೇರೆ ಹಾಲು ಕೊಡುವುದು ಪಾಪವಲ್ಲ; ಬಾಟ್ಲಿಯ ಬದಲು ಒಳಲೆಯಲ್ಲಿ ಕುಡಿಸಬಹುದು. ಆದರೆ ಆ ನಿರ್ಣಯ ತಕ್ಕಡಿಯಿಂದ ಬರಬೇಕು, ಬಾಗಿಲಲ್ಲಿ ನಿಂತವರ ಬಾಯಿಂದಲ್ಲ. ಶಿಶುವಿನ ಹಾಲಿನ ಪುಡಿ ಬಾಟ್ಲಿಗಳನ್ನು ಜಾಹೀರಾತು ಮಾಡಕೂಡದೆಂದು ನಮ್ಮ ದೇಶದಲ್ಲಿ 1992ರ ಕಾನೂನಿದೆ. ಮನೆಯೊಳಗಿನ ಮಾತಿಗೆ ಕಾನೂನು ಮಾಡಲು ಯಾರಿಗಾದೀತು? ಇನ್ನು, 26 ವಾರಗಳ ಹೆರಿಗೆ ರಜೆಯು 2017ರಿಂದ ಕಚೇರಿಯಲ್ಲಿ ದುಡಿಯುವವರಿಗೆ ಸಿಕ್ಕಿದೆ. ಕೂಲಿಗೆ ಹೋಗುವ ತಾಯಿಗೆ ಅದು ಕಾಗದದ ಮಾತು. ಗದ್ದೆಯ ಬದುವಿನಲ್ಲಿ ಮರಕ್ಕೆ ಜೋಲಿ ಕಟ್ಟಿ ನೆಟ್ಟಿಗೆ ಇಳಿದವಳನ್ನು ಹಾಲೂಡಲು ಎಷ್ಟು ಸಲ ಮೇಲಕ್ಕೆ ಬಿಡುತ್ತೇವೆಂಬುದನ್ನು ಜಮೀನುಳ್ಳ ನಾವೆಲ್ಲ ನಮ್ಮನ್ನೇ ಕೇಳಿಕೊಳ್ಳಬೇಕು.

ಹದಿನಾಲ್ಕನೆಯ ದಿನ ನನ್ನ ಮೊಮ್ಮಗಳು 2 ಕಿಲೋ 980 ಗ್ರಾಂ ತೂಗಿದಳು. ಡಬ್ಬಿಯನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಂಡ. ಮೂರು ವರ್ಷಗಳ ಮೇಲೆ ಮಗಳು ಎರಡನೆಯ ಹೆರಿಗೆಗೆ ಬಂದಾಗಲೂ ಮಳೆಗಾಲವೇ. ಗಂಡುಕೂಸು, ಅಕ್ಕನಿಗಿಂತ ಹೆಚ್ಚು ಅಳುವವನು. ಸಂಜೆ ಅವನು ಎದೆ ಬಿಡದೆ ಗೋಳಾಡುವಾಗ ಕೋಣೆಯ ಬಾಗಿಲಿಗೆ ಹೋಗುವ ಮೊದಲು ನಾನು ಬಚ್ಚಲಿಗೆ ಹೋಗಿ, ಒಲೆಯ ಬೆಳಕಿನಲ್ಲಿ ಬಿದಿರ ಗಳದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಎಣಿಸಿ, ಆಮೇಲೆ ಅವಳಿಗೊಂದು ಲೋಟ ಬಿಸಿಹಾಲು ಹಿಡಿದುಕೊಂಡು ಒಳಗೆ ಹೋಗುತ್ತಿದ್ದೆ.